ನಾಳೆಯೂ ಅದೇ ಮುಖ

ಮಾಲ್ಗುಡಿಯ ಅಂಚೆಯವನು ತಾನಪ್ಪ ಒಂದು ಕಾಗದವನ್ನು ವಿಳಾಸದಾರನಿಗೆ ಕೊಡದೆ ಉಳಿಸಿಕೊಳ್ಳುತ್ತಾನೆ. ಕಾಗದ ಬರಬೇಕಾದದ್ದು ಗುಮಾಸ್ತ ರಾಮಾನುಜಂ ಮನೆಗೆ. ಅಲ್ಲಿ ಮಗಳ ಮದುವೆಯ ಚಪ್ಪರ ಎದ್ದಿದೆ. ಎಷ್ಟೋ ಸಂಬಂಧ ತಪ್ಪಿದ ಮೇಲೆ ಕೂಡಿಬಂದ ಮದುವೆ, ಈ ಮುಹೂರ್ತ ಬಿಟ್ಟರೆ ಕೈತಪ್ಪುತ್ತದೆ. ಕಾಗದದಲ್ಲಿ ಇರುವುದು ಹತ್ತಿರದ ಹಿರಿಯ ಬಂಧುವೊಬ್ಬರ ಕೆಟ್ಟ ಸುದ್ದಿ. ಬೀದಿಯ ಮನೆಮನೆಯ ಕಷ್ಟಸುಖ ಬಲ್ಲ ತಾನಪ್ಪ ಮದುವೆ ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ ತಂದುಕೊಡುತ್ತಾನೆ. ಬೇಕಿದ್ದರೆ ಮೇಲಿನವರಿಗೆ ದೂರು ಕೊಡಿ, ನನ್ನ ಕೆಲಸ ಹೋದರೂ ಹೋಗಲಿ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ನೀನು ಹೀಗೆ ಮಾಡಬಾರದಿತ್ತು ಎಂಬ ನೋವನ್ನು ಮಾತ್ರ ಹೇಳುತ್ತಾನೆ.

ಆರ್.ಕೆ. ನಾರಾಯಣರ ಈ ಕಥೆಯನ್ನು ನಾನು ಮೊದಲು ಓದಲಿಲ್ಲ, ನೋಡಿದೆ. ತುರುವೇಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ಆಗ ಟೀವಿ ಇದ್ದದ್ದು ಒಂದೆರಡು ಮನೆಗಳಲ್ಲಿ. ಹೆಂಚಿನ ಮೇಲೆ ಬಿದಿರುಗಳಕ್ಕೆ ಕಟ್ಟಿದ ಆಂಟೆನಾ, ಅದನ್ನು ತಿರುಗಿಸಲು ಮೇಲೊಬ್ಬ ಹುಡುಗ, 'ಬಂತು, ಬಂತು, ಹೋಯ್ತು' ಎಂದು ಕೂಗಲು ಕೆಳಗೊಬ್ಬ. ಮಾತು ಹಿಂದಿ. ನಮ್ಮ ಅಜ್ಜಿಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ. ಕಂತು ಮುಗಿದಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಜ್ಜಿ ಆಡಿದ್ದು ಒಂದೇ ಮಾತು: 'ಪಾಪ, ಅವ್ನು ನಾಳೆ ಕಾಗ್ದ ಕೊಡಾಕೆ ಮತ್ತೆ ಅದೇ ಮನೆ ಬಾಗ್ಲಿಗೆ ಹೋಗ್ಬೇಕಲ್ಲಪ್ಪ.'

ಸಣ್ಣ ಊರಿನ ಬದುಕನ್ನು ತಿಳಿನಗೆಯಲ್ಲಿ ಹೇಳುವ ಧಾರಾವಾಹಿಗಳು ಯಾಕೆ ಇಷ್ಟು ಹಿಡಿಸುತ್ತವೆ ಎಂದು ಯೋಚಿಸಿದಾಗಲೆಲ್ಲ ನಾನು ಆ ಮಾತಿಗೇ ಬಂದು ನಿಲ್ಲುತ್ತೇನೆ. ಜನ ಒಳ್ಳೆಯವರು, ಗಾಳಿ ತಂಪು, ಕಾಲ ನಿಧಾನ ಎಂಬುದೆಲ್ಲ ಹೊರಗಿನವರು ಕೊಡುವ ಕಾರಣ. ಒಳಗಿದ್ದವರಿಗೆ ಗೊತ್ತಿರುವ ಕಾರಣ ಬೇರೆ. ಇಲ್ಲಿ ಯಾವ ಜಗಳವನ್ನೂ ಕೊನೆಯ ಜಗಳ ಮಾಡಿಕೊಳ್ಳಲು ಆಗುವುದಿಲ್ಲ. ತೂಕದಲ್ಲಿ ಮೋಸ ಮಾಡಿದವನು ಮುಂದಿನ ವಾರ ಮದುವೆಯ ಪಂಕ್ತಿಯಲ್ಲಿ ನಿಮ್ಮ ಪಕ್ಕದ ಎಲೆಗೇ ಕೂರುತ್ತಾನೆ. ಕೇಸು ಹಾಕಿದವನೂ ಹಾಕಿಸಿಕೊಂಡವನೂ ಒಂದೇ ಬಸ್ಸಿನಲ್ಲಿ ತಾಲ್ಲೂಕು ಕೋರ್ಟಿಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಾರೆ. ಹಾಗಾಗಿ ಜನ ಅರ್ಧ ಮಾತು ಕಲಿಯುತ್ತಾರೆ. ನೇರ ಹೇಳಲಾಗದ್ದನ್ನು ಮೂರನೆಯವರ ಮೂಲಕ ಮುಟ್ಟಿಸುತ್ತಾರೆ. ಕೋಪ ಉಕ್ಕಿದಾಗ ಬಾಯಿಗೆ ಬಂದ ಬೈಗುಳ ಗಂಟಲು ದಾಟುವಷ್ಟರಲ್ಲಿ ತಮಾಷೆಯ ಮಾತಾಗಿರುತ್ತದೆ. ಆ ಕಥೆಗಳ ನಗು, ನೋವು ಎರಡೂ ಹುಟ್ಟುವುದು ಈ ಇಕ್ಕಟ್ಟಿನಲ್ಲಿ.

'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದದ್ದು 1980ರ ದಶಕದ ನಡುವಿನಲ್ಲಿ. ನಿರ್ದೇಶಕ ಶಂಕರ್‌ನಾಗ್, ನಿರ್ಮಾಪಕ ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ರೇಖಾಚಿತ್ರ ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ಕಲಾ ನಿರ್ದೇಶಕ ಜಾನ್ ದೇವರಾಜ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿದರು. ಪುಟ್ಟ ಹುಡುಗ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಾತು ಹಿಂದಿಯದಾದರೂ ನಿಲುವು, ನೋಟ, ಮೌನ ಎಲ್ಲ ಕನ್ನಡದವು. ಅಜ್ಜಿಗೆ ಅರ್ಥವಾದದ್ದು ಅದರಿಂದಲೇ ಇರಬೇಕು. ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಅಪಘಾತದಲ್ಲಿ ಹೋದಾಗ ಅವರಿಗಿನ್ನೂ ಮೂವತ್ತೈದು. ಎಷ್ಟೋ ವರ್ಷಗಳ ಮೇಲೆ ಕವಿತಾ ಲಂಕೇಶ್ ಇನ್ನಷ್ಟು ಕಂತು ಸೇರಿಸಿದರು.

ತಿಪಟೂರಿನ ಸ್ಟೇಷನ್ನಿನಲ್ಲಿ ನಿಂತರೆ ಕಣ್ಣೆದುರಿನ ಹಳಿಯೇ ಅರಸೀಕೆರೆ, ಬೀರೂರು, ಶಿವಮೊಗ್ಗ ದಾಟಿ ತಾಳಗುಪ್ಪದ ಕಡೆಗೆ ಹೋಗುತ್ತದೆ. ಆ ದಾರಿಯಲ್ಲಿ ಅರಸಾಳು ಎಂಬ ಪುಟ್ಟ ನಿಲ್ದಾಣ. ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳನ್ನು ತೆಗೆದದ್ದು ಅಲ್ಲಿ. ಪಾಳುಬಿದ್ದಿದ್ದ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆ ಇಲಾಖೆ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿತು. ಇಲ್ಲದ ಊರೊಂದಕ್ಕೆ ಇರುವ ಊರಿನ ನಿಲ್ದಾಣ ನೆನಪಿನ ಮನೆಯಾಯಿತು.

ಆದರೆ ಒಂದು ಮಾತು ಹೇಳಲೇಬೇಕು. ಆಗುಂಬೆಯ ಮಳೆ, ಹಸಿರು, ದೊಡ್ಡಮನೆಯ ಕಂಬಸಾಲು ಕಣ್ಣಿಗೆ ಹಬ್ಬವಾದರೂ ನಾರಾಯಣರ ಪುಸ್ತಕದ ಮಾಲ್ಗುಡಿ ಮಲೆನಾಡಲ್ಲ. ಅದು ಬಯಲುಸೀಮೆಯ ಪೇಟೆ. ಅಲ್ಲಿ ಮಾರ್ಕೆಟ್ ರಸ್ತೆಯಿದೆ, ಮುದ್ರಣಾಲಯವಿದೆ, ಸಾಲ ಕೊಡುವವರು, ಅರ್ಜಿ ಬರೆಯುವವರು, ಹುಣಸೆ ಮರದಡಿ ಕೂತು ಭವಿಷ್ಯ ಹೇಳುವವರು ಇದ್ದಾರೆ. ಬಿಸಿಲೂ ಧೂಳೂ ಇದೆ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ, ಕೊಬ್ಬರಿ ಮಂಡಿಗಳ ಮುಂದೆ, ಮೂಟೆ ಹೊತ್ತವರು 'ದಾರಿ ದಾರಿ' ಎನ್ನುತ್ತ ಸಾಗುವಾಗ ನನಗೆ ಆ ಪುಸ್ತಕದ ಊರು ಹೆಚ್ಚು ಹತ್ತಿರ ಅನಿಸುತ್ತದೆ. ಊರು ಬದಲಾದರೆ ಏನಾಗುತ್ತದೆ ಎಂಬುದು ನಾರಾಯಣರಿಗೂ ಗೊತ್ತಿತ್ತು. 1965ರ ಹಿಂದಿ ಚಿತ್ರ 'ಗೈಡ್' ಅವರ ಕಥೆಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋದಾಗ ಅವರು ನೊಂದು ಒಂದು ಪ್ರಬಂಧವನ್ನೇ ಬರೆದರು. ಶಂಕರ್ ಅಷ್ಟು ದೂರ ಹೋಗಲಿಲ್ಲ, ಊರಿನ ಅಳತೆಯನ್ನು ಕಾಪಾಡಿದರು. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಅಳತೆ ಅದು.

ನಮ್ಮ ತೆಂಗಿನ ಸೀಮೆಯ ನಗುವಿಗೆ ಟೀವಿಗಿಂತ ಹಳೆಯ ಬೇರಿದೆ. ಹಾಸ್ಯ ಚಕ್ರವರ್ತಿ ಎಂದು ಕನ್ನಡಿಗರು ಕರೆದ ನರಸಿಂಹರಾಜು ಹುಟ್ಟಿದ್ದು 1923ರಲ್ಲಿ, ತಿಪಟೂರಿನಲ್ಲಿ. ಎಳವೆಯಲ್ಲೇ ನಾಟಕ ಕಂಪನಿ ಸೇರಿ, 1954ರ 'ಬೇಡರ ಕಣ್ಣಪ್ಪ'ದಿಂದ ತೆರೆಗೆ ಬಂದವರು. ಆ ಸಣಕಲು ಮೈ, ಮುಂದೆ ಚಾಚಿದ ಹಲ್ಲು, ಓಡುವಂತೆ ನಡೆಯುವ ನಡಿಗೆ ನೋಡಿ ನಕ್ಕವರಲ್ಲಿ ಯಾರೂ ಅವರನ್ನು ಕೀಳಾಗಿ ಕಂಡು ನಗಲಿಲ್ಲ. ಪಕ್ಕದ ಮನೆಯ ಅಣ್ಣನ ಪೇಚಾಟ ನೋಡಿದಂತೆ ನಕ್ಕರು. ಇತ್ತ ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದ ಕಡೆಯವರಾದ ಜಗ್ಗೇಶ್ ಪೇಟೆಯ ಪಡ್ಡೆಮಾತನ್ನು ಸಿನಿಮಾಕ್ಕೆ ತಂದರು. ಇಬ್ಬರ ದಾರಿ ಬೇರೆಯಾದರೂ ಕಿವಿ ಒಂದೇ ಸೀಮೆಯದು.

ಹಳ್ಳಿಯ ನಾಟಕವನ್ನಂತೂ ಬಿಟ್ಟು ಮುಂದೆ ಹೋಗಲಾರೆ. ನಮ್ಮ ಕಡೆ ಇವತ್ತಿಗೂ ಜಾತ್ರೆಯ ಹೊತ್ತಿಗೆ 'ಕುರುಕ್ಷೇತ್ರ' ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲಿ ಉಳಿದು ಕಲಿಸುತ್ತಾರೆ. ಪಾತ್ರಧಾರಿಗಳು ತಾವೇ ದುಡ್ಡು ಹಾಕಿಕೊಂಡು ಪಾತ್ರ ಪಡೆಯುತ್ತಾರೆ, ದುರ್ಯೋಧನನಿಗೆ ಖರ್ಚು ಜಾಸ್ತಿ. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆಗೆ. ಬೆಳಗಿನ ಜಾವದವರೆಗೆ ತೊಡೆ ತಟ್ಟಿ ಗರ್ಜಿಸಿದ ದುರ್ಯೋಧನ, ಕಣ್ಣಿನ ಕಾಡಿಗೆ ಪೂರ್ತಿ ಹೋಗಿರದ ಮುಖದಲ್ಲೇ ಡೇರಿಗೆ ಹಾಲು ಹಾಕಲು ಬಂದು ನಿಲ್ಲುತ್ತಾನೆ. ಅವನ ಹಿಂದೆ ಸಾಲಿನಲ್ಲಿ ಭೀಮ. 'ಏನಣ್ಣ, ತೊಡೆ ನೋವಾ?' ಎಂದು ಭೀಮ ಕೇಳುತ್ತಾನೆ. ಹಿಂದಿನ ಪಂಚಾಯ್ತಿ ಚುನಾವಣೆಯಲ್ಲಿ ಎದುರುಬದುರು ನಿಂತವರೂ ಈ ಇಬ್ಬರೇ ಆಗಿರಬಹುದು. ಇಡೀ ಊರು ಆ ಸಾಲಿನಲ್ಲಿ ನಗುತ್ತದೆ, ನಕ್ಕ ಮೇಲೆ ಹಳೆಯದೇನೋ ಸ್ವಲ್ಪ ಸಡಿಲವಾಗುತ್ತದೆ. ಇದನ್ನು ಹೀಗೇ ಇಟ್ಟು ಕ್ಯಾಮೆರಾ ಹಿಡಿದರೆ ಅರ್ಧ ಗಂಟೆಯ ಕಂತು ತಯಾರು.

ಇಂಥದ್ದು ಯಾವುದೂ ರಾತ್ರಿಯ ದೈನಿಕ ಧಾರಾವಾಹಿಗಳಲ್ಲಿ ಕಾಣುವುದಿಲ್ಲ ಎಂಬುದು ನನ್ನ ದೊಡ್ಡ ಕೊರಗು. ಅಲ್ಲಿ ಯಾರೂ ಕೆಲಸ ಮಾಡಿ ದಣಿಯುವುದಿಲ್ಲ, ಯಾರೂ ರೇಟು ಕೇಳುವುದಿಲ್ಲ. ಕೆಟ್ಟವರು ವರ್ಷಗಟ್ಟಲೆ ವಿಷ ಹಾಕುತ್ತಲೇ ಇರುತ್ತಾರೆ, ಮರುದಿನ ಎದುರಾಗುವ ಮುಜುಗರ ಅವರಿಗಿಲ್ಲ. ನಮ್ಮ ಮನೆಗಳ ಹೆಂಗಸರು ಅವನ್ನು ನೋಡುತ್ತಾರೆ, ಅದಕ್ಕೆ ಅವರನ್ನು ಹಳಿಯುವವನು ನಾನಲ್ಲ. ದಿನವಿಡೀ ಕೊಬ್ಬರಿ ಹೆರೆದು ಕೈಸೋತವರಿಗೆ ಕೂರಲು ಒಂದು ನೆವ ಬೇಕು. ಆದರೆ ಅವರ ಕೈಗೆ ಅಂಟಿದ ಆ ಕೊಬ್ಬರಿ ಹೊಟ್ಟು ತೆರೆಯ ಮೇಲೆ ಒಮ್ಮೆಯಾದರೂ ಬರಬೇಡವೇ?

ಹಿಂದಿಯಲ್ಲಿ 2020ರಲ್ಲಿ ಬಂದ 'ಪಂಚಾಯತ್' ಈ ಹಸಿವು ಎಷ್ಟು ದೊಡ್ಡದೆಂದು ತೋರಿಸಿತು. ಫುಲೇರಾ ಎಂಬ ಹಳ್ಳಿ, ಬೇರೆ ಕೆಲಸ ಸಿಗದೆ ಅಲ್ಲಿಗೆ ಬಂದ ಪಂಚಾಯ್ತಿ ಕಾರ್ಯದರ್ಶಿ. ಒಂದು ಇಡೀ ಕಂತು ನಡೆಯುವುದು ಕಚೇರಿಗೆ ತಂದ ತಿರುಗುವ ಕುರ್ಚಿಯ ಸುತ್ತ. ಕೊಲೆಯಿಲ್ಲ, ಚೇಸಿಂಗ್ ಇಲ್ಲ. ಆದರೂ ದೇಶವೆಲ್ಲ ನೋಡಿತು, ತಮಿಳು, ತೆಲುಗಿನಲ್ಲೂ ಮತ್ತೆ ತೆಗೆದರು. ಇಂಗ್ಲೆಂಡಿನ ಬಿಬಿಸಿಯಲ್ಲಿ 1973ರಿಂದ 2010ರವರೆಗೆ 'ಲಾಸ್ಟ್ ಆಫ್ ದ ಸಮ್ಮರ್ ವೈನ್' ನಡೆಯಿತು. ಹೋಮ್‌ಫರ್ತ್ ಎಂಬ ಸಣ್ಣ ಊರಿನಲ್ಲಿ ಕೆಲಸವಿಲ್ಲದ ಮೂವರು ವಯಸ್ಸಾದವರು ಅಡ್ಡಾಡುತ್ತ ಮಾತಾಡುತ್ತಾರೆ. ಮೂವತ್ತೇಳು ವರ್ಷದ ಅಷ್ಟೂ ಕಂತುಗಳನ್ನು ಬರೆದವರು ರಾಯ್ ಕ್ಲಾರ್ಕ್ ಒಬ್ಬರೇ. ಚಿಕ್ಕನಾಯಕನಹಳ್ಳಿ ಕಡೆಯ ಯಾವ ಅರಳಿಕಟ್ಟೆಯಲ್ಲಾದರೂ ಒಂದು ಮಧ್ಯಾಹ್ನ ಕೂತು ನೋಡಿ, ಆ ಮೂವರು ಅಲ್ಲೂ ಇದ್ದಾರೆ.

ಕನ್ನಡದಲ್ಲಿ ಪ್ರಯತ್ನವೇ ಇಲ್ಲ ಎನ್ನಲಾರೆ. ಕರಾವಳಿಯ ಬೇರೆಬೇರೆ ಕಥೆಗಳನ್ನು ಪೋಣಿಸಿದ 'ಏಕಂ' ಸರಣಿಗೆ ರಕ್ಷಿತ್ ಶೆಟ್ಟಿಯವರ ಸಂಸ್ಥೆಯ ಬಲವಿತ್ತು. ಆದರೂ ದೊಡ್ಡ ವೇದಿಕೆಗಳ ಬಾಗಿಲು ತೆರೆಯದೆ 2024ರಲ್ಲಿ ತಂಡ ತನ್ನದೇ ತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' ಓದಿ ಬೆಳೆದ ಭಾಷೆಗೆ ಇಂಥ ಕಥೆ ಹೇಳಲು ಬಾರದೆಂದು ನಾನು ಒಪ್ಪುವುದಿಲ್ಲ.

ಇಂಥ ಕಥೆ ಮೆದು ಎಂದರೆ ಕಣ್ಣುಮುಚ್ಚಿಕೊಳ್ಳುವುದೂ ಅಲ್ಲ. ನಾರಾಯಣರ ವೆಂಕಟರಾವ್ ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಪುಟ್ಟ ಮಗಳಿಗೆ ಮಾತುಕೊಟ್ಟು, ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗದೆ, ಮಗು ಕಾದು ಮಲಗಿದ ಮೇಲೆ ಮನೆ ಸೇರುತ್ತಾನೆ. ಅಷ್ಟು ಕ್ರೂರ ಕಥೆ ಅಷ್ಟು ತಣ್ಣಗೆ ಬರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮಾಲ್ಗುಡಿಯ ಬೀದಿಗಳಲ್ಲಿ ನಮ್ಮ ಊರುಗಳ ಜಾತಿ ಕಾಣುವುದು ತೀರ ಕಡಿಮೆ. ನಮ್ಮ ಸೀಮೆಯ ಸರಣಿಯೊಂದು ಬಂದರೆ ಅದು ಆ ಮಾತನ್ನು ಬಿಡುವಂತಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. ಮರ ಹತ್ತಿ ಕಾಯಿ ಕೆಡವುವವರಿಗೆ ಅಟ್ಟದ ಕೊಬ್ಬರಿಯಲ್ಲಿ ಪಾಲಿಲ್ಲ.

ಬೆಲೆಯ ಮಾತೂ ಹಾಗೆಯೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗಿಳಿದರು. ಎರಡೇ ವರ್ಷಕ್ಕೆ, 2025ರಲ್ಲಿ, ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಆದರೆ ಆ ಹೊತ್ತಿಗೆ ಎಷ್ಟೋ ಮನೆಗಳ ಅಟ್ಟ ಖಾಲಿ. ಕಡಿಮೆ ಬೆಲೆಗೆ ಕೊಟ್ಟವನು ಮಾರಿದ ದಿನವನ್ನು ಬೆರಳಲ್ಲಿ ಎಣಿಸುತ್ತಾನೆ, ತಡೆದವನು ಹೋಟೆಲಿನಲ್ಲಿ ಎಲ್ಲರ ಕಾಫಿಯ ದುಡ್ಡು ಕೊಡುತ್ತಾನೆ. ಕೊಟ್ಟವನ ಎದುರು ಮಾತ್ರ ರೇಟಿನ ಮಾತೆತ್ತದೆ ಮಳೆಯ ಮಾತಾಡುತ್ತಾನೆ. ಬರೆಯಬಲ್ಲವರಿಗೆ ಆ ಮಳೆಯ ಮಾತಿನಲ್ಲೇ ಒಂದು ಕಂತಿದೆ.

ಉಂಡೆ ಕೊಬ್ಬರಿಯಾಗುವ ಬಗೆಯೂ ನನಗೆ ಈ ಕಥೆಗಳ ಬಗೆಯಂತೆಯೇ ಕಾಣುತ್ತದೆ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಎಂಟು, ಹತ್ತು ತಿಂಗಳು ಯಾರೂ ಅದಕ್ಕೆ ಏನೂ ಮಾಡುವುದಿಲ್ಲ. ಒಳಗಿನ ನೀರು ತಾನಾಗಿ ಆರುತ್ತದೆ, ತಿರುಳು ಚಿಪ್ಪನ್ನು ತಾನಾಗಿ ಬಿಡುತ್ತದೆ. ಅವಸರಪಟ್ಟು ಮುಂಚೆ ಒಡೆದರೆ ಕೊಬ್ಬರಿ ಕೆಟ್ಟಿತು. ಆಯಿತೋ ಇಲ್ಲವೋ ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

ನಮ್ಮ ತೋಟದ ಬದುವಿನ ಮೇಲೆ ಒಂದು ಮರವಿದೆ. ಬುಡ ನಮ್ಮದು, ತಲೆ ಪಕ್ಕದವರ ಕಡೆಗೆ ವಾಲಿದೆ. ಬಿದ್ದ ಕಾಯಿ ಯಾರದೆಂದು ನಮ್ಮಪ್ಪನಿಗೂ ಪಕ್ಕದ ತೋಟದ ಯಜಮಾನರಿಗೂ ಮಾತು ಬೆಳೆದು, ಆಮೇಲೆ ಮಾತೇ ನಿಂತುಹೋಯಿತು. ಹಲವು ವರ್ಷ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಮೋಟಾರಿನ ಕರೆಂಟು ಬಂತೆಂದು ತಿಳಿಸಬೇಕಾದರೆ ಇಬ್ಬರೂ ಗಾಳಿಗೆ ಕೂಗಿ ಹೇಳುತ್ತಿದ್ದರು, 'ಕರೆಂಟ್ ಬಂತೇನಪ್ಪಾ' ಎಂದು, ಯಾರಿಗೂ ಅಲ್ಲದಂತೆ. ಆದರೆ ಅಷ್ಟೂ ವರ್ಷ ಬೆಳಿಗ್ಗೆ ತೋಟಕ್ಕೆ ಹೋದರೆ, ರಾತ್ರಿ ಅವರ ಕಡೆ ಬಿದ್ದ ಕಾಯಿಗಳು ಬದುವಿನ ಮೇಲೆ ಒಂದರ ಪಕ್ಕ ಒಂದು ಸಾಲಾಗಿ ಇರುತ್ತಿದ್ದವು. ಅಪ್ಪ ಅವನ್ನು ಎಣಿಸಿ, ಅರ್ಧವನ್ನು ಅಲ್ಲೇ ಬಿಟ್ಟು ಬರುತ್ತಿದ್ದರು.