ಮತಗಟ್ಟೆಯಲ್ಲಿ ಮೊಬೈಲ್ ಫೋನ್ ಮತ್ತು ಛಾಯಾಗ್ರಹಣಕ್ಕೆ ನಿರ್ಬಂಧವೇಕೆ?

ಮತದಾನದ ದಿನ ಸರದಿಯಲ್ಲಿ ನಿಂತು ಮತಗಟ್ಟೆಯ ಬಾಗಿಲನ್ನು ತಲುಪಿದವರಿಗೆ, ಮೊಬೈಲ್ ಫೋನನ್ನು ಹೊರಗಿಟ್ಟು ಬರುವಂತೆ ಸಿಬ್ಬಂದಿ ಸೂಚಿಸುತ್ತಾರೆ. ಮುಂಬಯಿ, ಪುಣೆ, ಚೆನ್ನೈಯಂತಹ ನಗರಗಳಲ್ಲಿ ಒಬ್ಬರೇ ಬಂದು, ಮತ ನೀಡಿ, ಅಲ್ಲಿಂದಲೇ ಕೆಲಸಕ್ಕೆ ತೆರಳಬೇಕಾದವರಿಗೆ ಇದು ನಿಜವಾದ ಇಕ್ಕಟ್ಟು. ಫೋನನ್ನು ಯಾರ ಕೈಗೆ ಕೊಡುವುದು? ಮನೆಗೆ ಹಿಂದಿರುಗಿದವರು ಮತ್ತೆ ಬಾರದಿದ್ದರೆ ಒಂದು ಮತ ನಷ್ಟವಾದಂತೆಯೇ. ಇಷ್ಟು ತೊಂದರೆಯಿದ್ದರೂ ಈ ನಿರ್ಬಂಧವನ್ನು ಏಕೆ ಉಳಿಸಿಕೊಳ್ಳಲಾಗಿದೆ ಎಂಬುದನ್ನು ತಿಳಿಯಲು ಗುಪ್ತ ಮತದಾನದ ತತ್ತ್ವವನ್ನು ಮೊದಲು ಗಮನಿಸಬೇಕು.

ಮತವನ್ನು ಹಣ ಕೊಟ್ಟು ಕೊಳ್ಳುವವನಿಗೂ, ಬೆದರಿಸಿ ಪಡೆಯುವವನಿಗೂ ಒಂದು ಸಾಕ್ಷ್ಯ ಬೇಕಾಗುತ್ತದೆ. ಹಣ ಪಡೆದವನು ಹೇಳಿದ ಚಿಹ್ನೆಗೇ ಮತ ನೀಡಿದನೆ ಎಂಬುದು ತಿಳಿಯದಿದ್ದರೆ ಆ ವ್ಯವಹಾರಕ್ಕೆ ಆಧಾರವೇ ಇರುವುದಿಲ್ಲ. ವಿವಿಪ್ಯಾಟ್ ಯಂತ್ರದ ಕಿಂಡಿಯಲ್ಲಿ ಮುದ್ರಿತ ಚೀಟಿಯು 7 ಸೆಕೆಂಡುಗಳ ಕಾಲ ಕಾಣಿಸಿ, ಬಳಿಕ ಪೆಟ್ಟಿಗೆಯೊಳಗೆ ಬೀಳುತ್ತದೆ. ತನ್ನ ಮತ ಸರಿಯಾಗಿ ದಾಖಲಾಯಿತೆಂಬುದನ್ನು ಮತದಾರನು ತಾನೇ ನೋಡಿ ಖಚಿತಪಡಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಆ ಚೀಟಿಯ ಚಿತ್ರ ಫೋನಿನಲ್ಲಿ ಉಳಿದರೆ, ಅದು ಕೆಲಸ ಕೊಟ್ಟ ಧಣಿಗೋ, ಸಾಲ ಕೊಟ್ಟವನಿಗೋ, ಬಡಾವಣೆಯ ಪುಂಡನಿಗೋ ತೋರಿಸಬೇಕಾದ ರಸೀದಿಯಾಗಿ ಪರಿಣಮಿಸುತ್ತದೆ. ಫೋನನ್ನು ಒಳಗೆ ಒಯ್ಯುವಂತೆಯೇ ಇಲ್ಲವೆಂದಾದಾಗ, ಒತ್ತಡಕ್ಕೆ ಸಿಲುಕಿದ ಮತದಾರನು "ಬಾಗಿಲಲ್ಲೇ ಫೋನು ಇರಿಸಿಕೊಂಡರು" ಎಂದು ಹೇಳಿ ಪಾರಾಗಬಹುದು. ಈ ನಿಯಮದ ಆಸರೆ ಮುಖ್ಯವಾಗಿ ಬೇಕಾಗಿರುವುದು ಅಂಥವರಿಗೆ.

ಈ ಚಿಂತೆ ಹೊಸದೇನಲ್ಲ. 1951-52ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆಯಿದ್ದಿತು. ಮತದಾರನು ಮರೆಯೊಳಗೆ ಹೋಗಿ ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಯಲ್ಲಿ ಮತಪತ್ರವನ್ನು ಹಾಕುತ್ತಿದ್ದನು. ಹಾಕದೆ ಹೊರತಂದು ಮಾರುವುದಕ್ಕೂ ಅಲ್ಲಿ ಅವಕಾಶವಿದ್ದಿತು. ಮತಪತ್ರವನ್ನು ವಂಚನೆಯಿಂದ ಮತಗಟ್ಟೆಯ ಹೊರಗೆ ಒಯ್ಯುವುದು 1951ರ ಪ್ರಜಾ ಪ್ರಾತಿನಿಧ್ಯ ಅಧಿನಿಯಮದ 135ನೆಯ ಪ್ರಕರಣದಂತೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಮೊಬೈಲ್ ಫೋನಿನ ಹೆಸರು ಈ ಅಧಿನಿಯಮದಲ್ಲಿ ಸಹಜವಾಗಿಯೇ ಇಲ್ಲ. ಫೋನಿಗೆ ಸಂಬಂಧಿಸಿದ ನಿರ್ಬಂಧವು ಚುನಾವಣಾ ಆಯೋಗದ ಸೂಚನೆಗಳಿಂದ ಬಂದುದು. ಅದಕ್ಕೆ ಬೆಂಬಲವಾಗಿ ನಿಂತಿರುವುದು 1961ರ ಚುನಾವಣೆಗಳನ್ನು ನಡೆಸುವ ನಿಯಮಗಳಲ್ಲಿನ 49ಎಂ ನಿಯಮ. ಮತಗಟ್ಟೆಯೊಳಗೆ ಪ್ರತಿಯೊಬ್ಬ ಮತದಾರನೂ ಮತದ ಗೋಪ್ಯತೆಯನ್ನು ಕಾಪಾಡಬೇಕೆಂದು ಅದು ವಿಧಿಸುತ್ತದೆ. ಎಚ್ಚರಿಕೆ ನೀಡಿದ ಮೇಲೂ ಮತದಾನದ ವಿಧಾನವನ್ನು ಪಾಲಿಸಲೊಪ್ಪದವರಿಗೆ ಮತ ನೀಡಲು ಅವಕಾಶ ಕೊಡುವಂತಿಲ್ಲ. ಮತದಾರರ ವಹಿಯಲ್ಲಿ ಅವರ ಹೆಸರಿನೆದುರು ವಿಧಾನ ಉಲ್ಲಂಘನೆಯಾಯಿತೆಂದು ಬರೆದು ಅಧ್ಯಕ್ಷಾಧಿಕಾರಿ ಸಹಿ ಮಾಡುತ್ತಾರೆ. ಅಧ್ಯಕ್ಷಾಧಿಕಾರಿಯ ನ್ಯಾಯಬದ್ಧ ಆದೇಶವನ್ನು ಮೀರಿದವರನ್ನು 132ನೆಯ ಪ್ರಕರಣದ ಮೇರೆಗೆ ಹೊರಗೆ ಕಳುಹಿಸಬಹುದು. ಅನುಮತಿಯಿಲ್ಲದೆ ಅಂಥವರು ಮತ್ತೆ ಒಳಬಂದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸಿಬ್ಬಂದಿ ಮತ್ತು ಏಜೆಂಟರಿಗೂ ಗೋಪ್ಯತೆಯ ಹೊಣೆಯುಂಟು. ಅದು 128ನೆಯ ಪ್ರಕರಣದಲ್ಲಿದೆ.

ಪತ್ರಿಕಾ ಛಾಯಾಗ್ರಾಹಕರು ಆಯೋಗದ ಅಧಿಕಾರ ಪತ್ರವಿದ್ದರೆ ಒಳಗೆ ಬರಬಹುದು. ಆದರೆ ಯಾರೇ ಆಗಲಿ, ಮತ ನೀಡುತ್ತಿರುವವರ ಆಯ್ಕೆ ಬಯಲಾಗುವಂತೆ ಚಿತ್ರ ತೆಗೆಯುವಂತಿಲ್ಲ. ಆಯೋಗವೇ ಅಳವಡಿಸುವ ವೆಬ್‌ಕಾಸ್ಟಿಂಗ್ ಕ್ಯಾಮೆರಾಗಳಿಗೂ ಇದೇ ಮಿತಿ. ಮೈಸೂರಿನಲ್ಲಿ ತಯಾರಾಗುವ ಅಳಿಸಲಾಗದ ಶಾಯಿಯ ಗುರುತನ್ನು ಹೊರಗೆ ಬಂದು ಹೆಮ್ಮೆಯಿಂದ ಚಿತ್ರ ತೆಗೆಸಿಕೊಳ್ಳುವುದಕ್ಕೆ ಅಡ್ಡಿಯೇನಿಲ್ಲ. ಬೆರಳು ಮತ ನೀಡಿದುದನ್ನು ತಿಳಿಸುತ್ತದೆಯೇ ಹೊರತು ಯಾರಿಗೆಂಬುದನ್ನಲ್ಲ.

ಫೋನು ಇಡುವ ತೊಂದರೆಯ ವಿಷಯಕ್ಕೆ ಬಂದರೆ, ಮೊದಲಿದ್ದ ಸೂಚನೆಯಂತೆ ಮತದಾರರು ಮತಗಟ್ಟೆಯ 100 ಮೀಟರ್ ಆವರಣಕ್ಕೇ ಫೋನನ್ನು ತರುವಂತಿರಲಿಲ್ಲ. 2024ರ ನವೆಂಬರಿನಲ್ಲಿ, ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಮುನ್ನ, ಫೋನನ್ನು ಒಯ್ಯಲು ಹಾಗೂ ಡಿಜಿಲಾಕರ್ ಮೂಲಕ ಗುರುತಿನ ದಾಖಲೆ ತೋರಿಸಲು ಅನುಮತಿ ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದನ್ನು ಬಾಂಬೆ ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. ಹಾಗೆ ತೋರಿಸುವ ಹಕ್ಕು ಮತದಾರನಿಗಿಲ್ಲವೆಂಬುದು ಅದರ ಅಭಿಪ್ರಾಯವಾಗಿದ್ದಿತು. ಕಾನೂನಿನ ದೃಷ್ಟಿಯಿಂದ ಇದು ಸರಿಯಾದರೂ ಜನರ ತೊಂದರೆ ಹಾಗೆಯೇ ಉಳಿದಿದ್ದಿತು. 2025ರ ಮೇ ತಿಂಗಳಿನಲ್ಲಿ ಆಯೋಗವು ಕ್ರಮವನ್ನು ಸಡಿಲಿಸಿತು. ಅದರಂತೆ ಸ್ವಿಚ್ ಆಫ್ ಮಾಡಿದ ಫೋನನ್ನು ಆ ಆವರಣದೊಳಗೆ ತಂದು, ಬಾಗಿಲ ಬಳಿಯ ಗೂಡುಪೆಟ್ಟಿಗೆಯಲ್ಲಿ ಅಥವಾ ಗೋಣಿಚೀಲದಲ್ಲಿ ಇಡಬಹುದು, ಮತಗಟ್ಟೆಯೊಳಗೆ ಒಯ್ಯುವಂತಿಲ್ಲ. 2025ರ ನವೆಂಬರಿನ ಬಿಹಾರ ವಿಧಾನಸಭಾ ಚುನಾವಣೆಯಲ್ಲಿ ಈ ಏರ್ಪಾಡು ಜಾರಿಯಲ್ಲಿದ್ದಿತು. ಸ್ಥಳೀಯ ಪರಿಸ್ಥಿತಿ ಪ್ರತಿಕೂಲವಾಗಿರುವ ಕೆಲವು ಮತಗಟ್ಟೆಗಳಿಗೆ ಚುನಾವಣಾಧಿಕಾರಿಯು ಇದರಿಂದ ವಿನಾಯಿತಿ ನೀಡಬಹುದಾದುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಲೇಸು.

ಮೇಲಿನದು ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಗೆ ಸಂಬಂಧಿಸಿದುದು. ನಗರಪಾಲಿಕೆ, ಪಂಚಾಯಿತಿಗಳ ಚುನಾವಣೆಯನ್ನು ಆಯಾ ರಾಜ್ಯ ಚುನಾವಣಾ ಆಯೋಗಗಳು ನಡೆಸುತ್ತವೆ. ಅವುಗಳ ಸೂಚನೆ ಬೇರೆಯಾಗಿರಬಹುದು. ಫೋನಿನಲ್ಲಿರುವ ದಾಖಲೆಯ ಪ್ರತಿಯನ್ನು ನಂಬಿ ಹೊರಡದೆ, ಮತದಾರರ ಗುರುತಿನ ಚೀಟಿಯನ್ನೋ, ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿಯಂತಹ ಅಂಗೀಕೃತ ದಾಖಲೆಯ ಮೂಲಪ್ರತಿಯನ್ನೋ ಜೊತೆಗೆ ಒಯ್ಯಬೇಕು. ಮನೆಗೆ ಬರುವ ಮತದಾರರ ಮಾಹಿತಿ ಚೀಟಿಯೊಂದೇ ಗುರುತಿಗೆ ಸಾಲದು.