ಮಣಿಕಟ್ಟಿಗೊಂದು ಉಣ್ಣೆಯ ಜಡೆ

ಬೆರಳುಗಳನ್ನು ಮುಚ್ಚದೆ, ಅಂಗೈಯ ನಡುವಿನಿಂದ ಮಣಿಕಟ್ಟನ್ನು ದಾಟಿ ಮುಂಗೈಯವರೆಗೆ ಬೆಚ್ಚಗಿಡುವ ಉಣ್ಣೆಯ ಕೊಳವೆಯಂಥ ಉಡುಪಿಗೆ ಇಂಗ್ಲಿಷಿನಲ್ಲಿ ರಿಸ್ಟ್ ವಾರ್ಮರ್ ಎಂಬ ಹೆಸರಿದ್ದು, ಕನ್ನಡದಲ್ಲಿ ಅದನ್ನು ಮಣಿಕಟ್ಟಿನ ಗವಸು ಎನ್ನಬಹುದು. ವೈದ್ಯರು ನಾಡಿ ನೋಡಲು ಬೆರಳಿಡುವ ರಕ್ತನಾಳವು ಮಣಿಕಟ್ಟಿನಲ್ಲಿ ಚರ್ಮಕ್ಕೆ ತೀರ ಸಮೀಪದಲ್ಲಿ ಹರಿಯುತ್ತದೆ. ಕೋಟಿನ ತೋಳಿನ ಅಂಚು ಹಿಂದೆ ಸರಿದಾಗ ಮೊದಲು ಚಳಿಗೆ ಸಿಗುವುದೂ ಇದೇ ಭಾಗ. ಅದನ್ನು ಮುಚ್ಚಿಯೂ ಬೆರಳುಗಳನ್ನು ಬರೆಯುವುದಕ್ಕೆ, ಅಡುಗೆಗೆ, ಕೀಲಿಮಣೆಗೆ ಬಿಡುವಾಗಿ ಉಳಿಸುವುದು ಈ ಗವಸಿನ ಗುಣ. ಸ್ವೆಟರಿನಂತೆ ತಿಂಗಳುಗಟ್ಟಲೆ ಸಮಯವನ್ನು ಬೇಡದೆ ಕೆಲವು ಸಂಜೆಗಳಲ್ಲಿ ಮುಗಿಯುವುದರಿಂದ, ಕೈಯಾರೆ ಹೆಣೆದು ಕೊಡುವ ಉಡುಗೊರೆಯಾಗಿ ಚಳಿನಾಡುಗಳಲ್ಲಿ ಇದು ಜನಪ್ರಿಯವಾಗಿದೆ.

ಹೆಣಿಗೆಯ ಬಟ್ಟೆಯು ನೇಯ್ದ ಬಟ್ಟೆಗಿಂತ ಮೂಲದಲ್ಲೇ ಭಿನ್ನವಾದುದು. ಕಂಬಳಿಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂದು ಎರಡು ಬಗೆಯ ಎಳೆಗಳು ಬಿಗಿಯಾಗಿ ಸೇರಿದರೆ, ಹೆಣಿಗೆಯಲ್ಲಿ ಒಂದೇ ಎಳೆಯನ್ನು ಕುಣಿಕೆಯಾಗಿಸಿ, ಆ ಕುಣಿಕೆಯೊಳಗಿಂದ ಮತ್ತೊಂದನ್ನು ಎಳೆದು ಸಾಲಿನ ಮೇಲೆ ಸಾಲು ಕಟ್ಟಲಾಗುತ್ತದೆ. ಹೆಣೆದ ಬಟ್ಟೆ ಹಿಗ್ಗಿ ಕುಗ್ಗುವುದು ಈ ಕುಣಿಕೆಗಳಿಂದಲೇ. ಹೊಸ ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ನಯವಾದ ಮುಖ ಕಾಣುವ ಸೀದಾ ಹೆಣಿಗೆಯೂ, ಮುಂದಿನಿಂದ ಹಿಂದಕ್ಕೆ ಎಳೆದರೆ ಉಬ್ಬು ಗಂಟುಗಳು ಕಾಣುವ ಉಲ್ಟಾ ಹೆಣಿಗೆಯೂ ಆಗುತ್ತದೆ. ಎರಡು ಸೀದಾ, ಎರಡು ಉಲ್ಟಾ ಎಂಬ ಕ್ರಮದಲ್ಲಿ ಹೆಣೆದ ಗೆರೆಗೆರೆಯ ಪಟ್ಟಿಯನ್ನು ರಿಬ್ ಎನ್ನುತ್ತಾರೆ. ಅದು ರಬ್ಬರಿನಂತೆ ಹಿಡಿದುಕೊಳ್ಳುವುದರಿಂದ ಗವಸಿನ ಅಂಚಿಗೆ ಅದೇ ತಕ್ಕದ್ದು.

ಗವಸಿನ ಮೇಲೆ ಜಡೆಯಂತೆ ಎದ್ದು ಕಾಣುವ ಕೇಬಲ್ ಎಂಬ ವಿನ್ಯಾಸಕ್ಕೆ ಬೇರೆ ಎಳೆಯೂ ಬೇಡ, ಬೇರೆ ಬಣ್ಣವೂ ಬೇಡ. ಕುಣಿಕೆಗಳ ಸರದಿಯನ್ನು ಅದಲುಬದಲು ಮಾಡಿದರೆ ಸಾಕು. ಪಕ್ಕಪಕ್ಕದ ಆರು ಸೀದಾ ಕುಣಿಕೆಗಳಲ್ಲಿ ಮೊದಲ ಮೂರನ್ನು ಚಿಕ್ಕದೊಂದು ಕಡ್ಡಿಗೆ ವರ್ಗಾಯಿಸಿ ಬಟ್ಟೆಯ ಮುಂದೆ ಹಿಡಿದು, ನಂತರದ ಮೂರನ್ನು ಮೊದಲು ಹೆಣೆದು, ಆಮೇಲೆ ಕಾಯ್ದಿರಿಸಿದ ಮೂರನ್ನು ಹೆಣೆದರೆ ತಿರುವು ಎಡಕ್ಕೆ ವಾಲುತ್ತದೆ. ಅವನ್ನೇ ಹಿಂದೆ ಹಿಡಿದರೆ ಬಲಕ್ಕೆ ವಾಲುತ್ತದೆ. ಹೀಗೆ ಆರು ಅಥವಾ ಎಂಟು ಸಾಲಿಗೊಮ್ಮೆ ದಾಟಿಸುತ್ತ ಹೋದಂತೆ ಹುರಿ ಹೊಸೆದ ಆಕಾರ ಮೂಡುತ್ತದೆ. ಇಕ್ಕೆಲದಲ್ಲಿ ಎರಡೆರಡು ಉಲ್ಟಾ ಕುಣಿಕೆಗಳಿದ್ದರೆ ಆ ತಗ್ಗಿನಿಂದಾಗಿ ಜಡೆ ಇನ್ನಷ್ಟು ಉಬ್ಬಿ ಕಾಣುತ್ತದೆ. ಒಂದು ಗವಸಿನಲ್ಲಿ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ತಿರುಗಿಸಿದರೆ ಎರಡು ಕೈಗಳು ಕನ್ನಡಿಯ ಬಿಂಬದಂತೆ ಹೊಂದುತ್ತವೆ.

ಈ ಬಗೆಯ ಹೆಣಿಗೆಗೆ ಹೆಚ್ಚಿನ ಖ್ಯಾತಿ ತಂದದ್ದು ಐರ್ಲೆಂಡಿನ ಪಶ್ಚಿಮದಲ್ಲಿ ಗಾಲ್ವೇ ಕೊಲ್ಲಿಯ ಬಾಯಲ್ಲಿರುವ ಮೂರು ಅರಾನ್ ದ್ವೀಪಗಳು. ಅಲ್ಲಿನ ಒಂದೊಂದು ಮನೆತನಕ್ಕೂ ಒಂದೊಂದು ಪ್ರಾಚೀನ ವಿನ್ಯಾಸವಿತ್ತೆಂದೂ, ಕಡಲಿಗೆ ಬಲಿಯಾದ ಮೀನುಗಾರನನ್ನು ಅದರಿಂದಲೇ ಗುರುತಿಸುತ್ತಿದ್ದರೆಂದೂ ಹೇಳುವುದುಂಟು. ಆದರೆ ರಿಚರ್ಡ್ ರಟ್ 1987ರಲ್ಲಿ ಪ್ರಕಟಿಸಿದ ಕೈಹೆಣಿಗೆಯ ಇತಿಹಾಸದಂಥ ಅಧ್ಯಯನಗಳು ಅರಾನ್ ಸ್ವೆಟರು 20ನೆಯ ಶತಮಾನದಲ್ಲಿ ರೂಪುಗೊಂಡದ್ದೆಂದು ತೋರಿಸಿವೆ. ಈ ನಂಬಿಕೆಗೆ ಇಂಬು ಕೊಟ್ಟಿತೆನ್ನಲಾದ, ಜೆ. ಎಂ. ಸಿಂಜ್ ರಚಿಸಿ 1904ರಲ್ಲಿ ರಂಗಕ್ಕೆ ಬಂದ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿ ಮನೆತನದ ವಿನ್ಯಾಸದ ಮಾತೇ ಇಲ್ಲ. ಮುಳುಗಿ ಸತ್ತವನ ಕಾಲುಚೀಲವನ್ನು ಅವನ ತಂಗಿ ಗುರುತಿಸುವುದು, ತಾನು ಅದಕ್ಕೆ 60 ಕುಣಿಕೆಗಳನ್ನು ಎತ್ತಿಕೊಂಡು ಅವುಗಳಲ್ಲಿ ನಾಲ್ಕನ್ನು ಕೈಬಿಟ್ಟಿದ್ದ ಲೆಕ್ಕದಿಂದ.

ಗವಸಿನ ಕೆಲಸವೂ ಲೆಕ್ಕದಿಂದಲೇ ಆರಂಭವಾಗುತ್ತದೆ. ಮಧ್ಯಮ ದಪ್ಪದ ಉಣ್ಣೆಯ ದಾರವನ್ನು 4 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ 10 ಸೆಂ.ಮೀ. ಅಗಲಕ್ಕೆ ಸುಮಾರು 20 ಕುಣಿಕೆಗಳು ಬರುತ್ತವೆಯಾದರೂ, ಒಬ್ಬರ ಕೈಬಿಗಿ ಇನ್ನೊಬ್ಬರಂತಿರುವುದಿಲ್ಲವಾದ್ದರಿಂದ ಮೊದಲು ಸಣ್ಣ ಮಾದರಿಯೊಂದನ್ನು ಹೆಣೆದು ಅಳೆಯುವುದು ಅಗತ್ಯ. ಸುತ್ತಳತೆ 18 ಸೆಂ.ಮೀ. ಇದ್ದರೆ ಈ ಲೆಕ್ಕಕ್ಕೆ 36 ಕುಣಿಕೆ ಸಾಕೆನಿಸುತ್ತದೆ. ಆದರೆ ಒಂದರ ಮೇಲೊಂದು ದಾಟುವ ಜಡೆಯು ಬಟ್ಟೆಯನ್ನು ಒಳಕ್ಕೆ ಸೆಳೆಯುವುದರಿಂದ 40 ಎತ್ತಿಕೊಳ್ಳುವುದು ಲೇಸು, ನಾಲ್ಕರಿಂದ ಭಾಗವಾಗುವ ಆ ಸಂಖ್ಯೆ ರಿಬ್ಬಿಗೂ ಹೊಂದುತ್ತದೆ. ಎರಡೂ ತುದಿ ಮೊನಚಾದ ನಾಲ್ಕೈದು ಕಡ್ಡಿಗಳಲ್ಲಿ ಸುತ್ತಾಗಿ ಹೆಣೆದರೆ ಹೊಲಿಗೆ ಬೇಕಾಗುವುದಿಲ್ಲ. ಎರಡೇ ಕಡ್ಡಿ ಬಲ್ಲವರು ಚಪ್ಪಟೆಯಾಗಿ ಹೆಣೆದು, ಹೆಬ್ಬೆರಳಿಗೆ ನಾಲ್ಕೈದು ಸೆಂ.ಮೀ. ಕಿಂಡಿ ಬಿಟ್ಟು ಅಂಚುಗಳನ್ನು ಹೊಲಿಯಬಹುದು. ಜಡೆ ತಪ್ಪು ದಿಕ್ಕಿಗೆ ತಿರುಗಿದ್ದು ತಡವಾಗಿ ಕಂಡರೂ ಇಡೀ ಗವಸನ್ನು ಬಿಚ್ಚಬೇಕಾಗಿಲ್ಲ; ಆ ಆರು ಕುಣಿಕೆಗಳನ್ನಷ್ಟೇ ಕೆಳಗಿನವರೆಗೆ ಜಾರಿಸಿ ಸರಿಪಡಿಸಲು ಸಾಧ್ಯ.

ಉಣ್ಣೆಯ ನಾರಿನ ಮೇಲೆ ಸೂಕ್ಷ್ಮ ಹುರುಪೆಗಳಿದ್ದು, ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುವುದರಿಂದ, ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಚಪ್ಪಟೆಯಾಗಿ ಹರಡಿ ಒಣಗಿಸಬೇಕೆಂಬ ಮಾತನ್ನು ಉಡುಗೊರೆಯ ಜೊತೆಗೇ ತಿಳಿಸುವುದು ಒಳ್ಳೆಯದು. ಅಂಗಡಿಯ ಗವಸು ಸಣ್ಣದು, ದೊಡ್ಡದು ಎಂಬ ಎರಡು ಮೂರು ಅಳತೆಗಳಲ್ಲಿ ಎಲ್ಲರ ಕೈಗೂ ಸಿದ್ಧವಾಗಿರುತ್ತದೆ. ಹೆಣೆದುಕೊಟ್ಟ ಗವಸಿನ 40 ಎಂಬ ಲೆಕ್ಕವಾದರೋ ಅಳೆದು ನೋಡಿದ ಒಂದೇ ಮಣಿಕಟ್ಟಿನದು, ಮತ್ತು ಅದನ್ನು ಹೆಣೆದವರು ಬಹುಕಾಲ ಮರೆಯುವುದಿಲ್ಲ.