ಕಾಬೊ ದ ರಾಮ ವಾಯು ಮಾದರಿ ಕೇಂದ್ರ

ಕಾಬೊ ದ ರಾಮ (ಕೇಪ್ ರಾಮ) ವಾಯು ಮಾದರಿ ಕೇಂದ್ರವು ಗೋವಾದ ಕಾಣಕೋಣ ತಾಲ್ಲೂಕಿನಲ್ಲಿ, ಕಾರವಾರದ ಉತ್ತರಕ್ಕೆ ಅರಬ್ಬೀ ಸಮುದ್ರದ ಭೂಶಿರದಲ್ಲಿರುವ ವಾತಾವರಣ ಮಾಪನ ತಾಣವಾಗಿದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ಹಾಗೂ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಗಳ ಸಹಯೋಗದಲ್ಲಿ 1993ರಲ್ಲಿ ಇಲ್ಲಿ ಹಸಿರುಮನೆ ಅನಿಲಗಳ ಅಧ್ಯಯನ ಆರಂಭವಾಯಿತು.

ಹಿನ್ನೆಲೆ

ನಗರಗಳ ಮಾಪನ ಕೇಂದ್ರಗಳು ಸ್ಥಳೀಯ ಧೂಳು ಮತ್ತು ಹೊಗೆಯನ್ನು ಅಳೆಯುತ್ತವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ವ್ಯಾಪ್ತಿಗೆ ಬರುವ ಹುಬ್ಬಳ್ಳಿ-ಧಾರವಾಡದ ಕೇಂದ್ರಗಳು ಈ ಬಗೆಯವು. ಇಡೀ ವಾತಾವರಣದ ಬದಲಾವಣೆಯನ್ನು ತಿಳಿಯಲು ಸಮೀಪದ ಮಾಲಿನ್ಯ ಮೂಲಗಳಿಂದ ದೂರವಿರುವ ಹಿನ್ನೆಲೆ ಕೇಂದ್ರಗಳು ಬೇಕಾಗುತ್ತವೆ. ಹವಾಯಿಯ ಮೌನಾ ಲೋವಾ (1958) ಮತ್ತು ಟಾಸ್ಮೇನಿಯಾದ ಕೇಪ್ ಗ್ರಿಮ್ (1976) ಇವುಗಳಲ್ಲಿ ಪ್ರಸಿದ್ಧವಾದವು.

ವಿಧಾನ

ಗಾಳಿಯನ್ನು ಗಾಜಿನ ಶೀಸೆಗಳಲ್ಲಿ ತುಂಬಿ ಆಸ್ಟ್ರೇಲಿಯಾದ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತಿತ್ತು. ಅಲ್ಲಿ ಇಂಗಾಲದ ಡೈಆಕ್ಸೈಡ್, ಮೀಥೇನ್, ಇಂಗಾಲದ ಮಾನಾಕ್ಸೈಡ್, ನೈಟ್ರಸ್ ಆಕ್ಸೈಡ್ ಮೊದಲಾದ ಅನಿಲಗಳನ್ನು ಅಳೆಯಲಾಗುತ್ತಿತ್ತು. ಬೇರೆ ಬೇರೆ ದೇಶಗಳ ಮಾದರಿಗಳನ್ನು ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದರಿಂದ ಫಲಿತಾಂಶಗಳನ್ನು ನೇರವಾಗಿ ಹೋಲಿಸಲು ಸಾಧ್ಯವಾಗುತ್ತದೆ.

ಮಾರುತಗಳ ಪ್ರಭಾವ

ಇಲ್ಲಿ ಋತುವಿಗೆ ತಕ್ಕಂತೆ ಗಾಳಿಯ ಮೂಲವೇ ಬದಲಾಗುತ್ತದೆ. ನೈಋತ್ಯ ಮಾನ್ಸೂನ್ ಕಾಲದಲ್ಲಿ ದಕ್ಷಿಣ ಗೋಳಾರ್ಧದಿಂದ ಹಿಂದೂ ಮಹಾಸಾಗರವನ್ನು ದಾಟಿ ಬರುವ ಸ್ವಚ್ಛ ಕಡಲ ಗಾಳಿ ತೀರವನ್ನು ತಲುಪುತ್ತದೆ. ಚಳಿಗಾಲದಲ್ಲಿ ಈಶಾನ್ಯ ಮಾರುತಗಳು ಉಪಖಂಡದ ಒಳನಾಡಿನ ಗಾಳಿಯನ್ನು ತರುತ್ತವೆ. ಆಗ ಮೀಥೇನ್ ಮತ್ತು ಇಂಗಾಲದ ಮಾನಾಕ್ಸೈಡ್ ಪ್ರಮಾಣ ಹೆಚ್ಚುತ್ತದೆ. ಹೀಗಾಗಿ ಒಂದೇ ತಾಣವು ಮಳೆಗಾಲದಲ್ಲಿ ಸಾಗರದ ಗಾಳಿಯನ್ನೂ ಚಳಿಗಾಲದಲ್ಲಿ ಭಾರತದ ಹೊರಸೂಸುವಿಕೆಯ ಪರಿಣಾಮವನ್ನೂ ದಾಖಲಿಸುತ್ತದೆ.

ದೀರ್ಘಕಾಲೀನ ಮಾಪನದ ಮಹತ್ವ

1990ರ ದಶಕದಲ್ಲಿ ಜಗತ್ತಿನ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸರಾಸರಿ ದಶಲಕ್ಷಕ್ಕೆ ಸುಮಾರು 1.5 ಭಾಗದಷ್ಟು ಏರುತ್ತಿತ್ತು. ಕಾಬೊ ದ ರಾಮದಲ್ಲಿ ಋತುಗಳ ನಡುವಿನ ಏರಿಳಿತ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಒಂದೆರಡು ವರ್ಷಗಳ ಅಂಕಿಗಳಿಂದ ನಿಜವಾದ ಏರಿಕೆಯನ್ನು ಗುರುತಿಸುವುದು ಕಷ್ಟ. ಅನೇಕ ವರ್ಷಗಳ ಒಂದೇ ಋತುವಿನ ಅಂಕಿಗಳನ್ನು ಹೋಲಿಸಿದಾಗ ಅದು ಸ್ಪಷ್ಟವಾಗುತ್ತದೆ.

1993ರಿಂದ 2002ರವರೆಗಿನ ದಾಖಲೆಯನ್ನು ಭಾರತದ ಇಂಗಾಲದ ಹೊರಸೂಸುವಿಕೆ ಮತ್ತು ಹೀರಿಕೆಯನ್ನು ಅಂದಾಜಿಸುವ ಅಧ್ಯಯನಗಳಲ್ಲಿ ಬಳಸಲಾಗಿದೆ. ಆ ಬಳಿಕ ಕೆಲವು ವರ್ಷ ಮಾದರಿ ಸಂಗ್ರಹ ನಿಂತಿತ್ತು. ಕಳೆದುಹೋದ ದಿನದ ಗಾಳಿಯನ್ನು ಮತ್ತೆ ಸಂಗ್ರಹಿಸಲಾಗದ ಕಾರಣ, ಇಂತಹ ಅಂತರವನ್ನು ಮುಂದಿನ ಮಾಪನಗಳಿಂದ ತುಂಬಲು ಸಾಧ್ಯವಿಲ್ಲ.